ಎಂಟು ಗಂಟೆಗೆ ಇಳಿದವಳು

ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ, ಬೆಳಿಗ್ಗೆ ಹತ್ತೂಕಾಲು. ಕೊಡಿಗೇಹಳ್ಳಿ ಠಾಣೆಗೆ ಬಂದ ಮುನಿವೆಂಕಟಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾಮಿ, ಇಳಿದೆ ಅಂತ ಮೆಸೇಜ್ ಬಂದಾಗ ನನ್ ಮಗಳು ಇನ್ನೂ ಆಕಾಶದಾಗೇ ಇದ್ಲು."

ಹೆಡ್ ಕಾನ್‌ಸ್ಟೆಬಲ್ ಖಾದರ್ ಬಾಷಾ ಮೀಸೆಯಡಿಯಲ್ಲೇ ನಕ್ಕ. ಇನ್ಸ್‌ಪೆಕ್ಟರ್ ಅನಂತರಾಜುಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಆಕೆ ಮೊಬೈಲನ್ನು ಮೇಜಿನ ಮೇಲಿಟ್ಟಳು.

ಮಗಳ ಹೆಸರು ನಯನಾ, ಕಲಬುರಗಿಯ ಬ್ಯಾಂಕೊಂದರಲ್ಲಿ ಕೆಲಸ. ತಿಂಗಳಿಗೊಮ್ಮೆ ಮನೆಗೆ ಬಂದು ಹೋಗುತ್ತಿದ್ದಳು. ವಿಮಾನಗಳ ಓಡಾಟವನ್ನು ನಕ್ಷೆಯ ಮೇಲೆ ತೋರಿಸುವ ಆ್ಯಪ್ ಹಾಕಿಕೊಟ್ಟು, "ಈ ಹಳದಿ ವಿಮಾನ ನಂದಮ್ಮ, ನೋಡ್ತಿರು" ಎಂದಿದ್ದಳಂತೆ. ಅದು ನೆಲ ಮುಟ್ಟುವ ತನಕ ತಾಯಿ ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

"ಸೋಮವಾರ ಬೆಳಿಗ್ಗೆ ಎಂಟ್ ಗಂಟೆಗೆ 'ಇಳಿದೆ' ಅಂತ ಬಂತು. ನೋಡುದ್ರೆ ವಿಮಾನ ಇನ್ನೂ ಮ್ಯಾಲೇ ಸುತ್ತಾ ಐತೆ! ಎಂಟೂ ಮುಕ್ಕಾಲ್ಗೆ ಇಳೀತು. ಅವತ್ತಿಂದ ಬರೀ ಅಕ್ಷರ. ಫೋನ್ ಎತ್ತಲ್ಲ."

"ಏರ್‌ಪೋರ್ಟ್‌ಗೆ ಬಿಟ್ಟಿದ್ಯಾರು?"

"ನನ್ ಮಗ ಗಿರಿ. ಟ್ಯಾಕ್ಸಿ ಓಡಿಸ್ತಾನೆ."

ಹಾಳಾದ ಮೊಬೈಲು ಆಗಲೇ ಟಿಂಗ್ ಎನ್ನಬೇಕೆ! ನಯನಾಳ ಸಂದೇಶ: "ತಿಂಡಿ ಆಯ್ತಾ ಅಮ್ಮ?" ಖಾದರ್ ಬಾಷಾನ ನಗು ಅಲ್ಲಿಗೇ ನಿಂತಿತು. ಮುದುಕಿ ಫೋನು ಮುಟ್ಟಲಿಲ್ಲ.

"ಇದ್ಯಾರು ಸಾಮಿ?" ಎಂದಳು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ವಿಮಾನ ಸಂಸ್ಥೆಯಿಂದ ಉತ್ತರ ಬಂತು. ಬೆಂಗಳೂರಿನಿಂದ ಆರೂ ಐವತ್ತಕ್ಕೆ ಹೊರಟರೆ ಎಂಟಕ್ಕೆ ಕಲಬುರಗಿ, ಒಂದು ಗಂಟೆ ಹತ್ತು ನಿಮಿಷದ ಹಾರಾಟ. ಸೋಮವಾರ ಅಲ್ಲಿ ಮೋಡ ಕವಿದು ಮುಕ್ಕಾಲು ಗಂಟೆ ತಡವಾಗಿತ್ತು. ನಯನಾ ವಿಮಾನ ಹತ್ತಿರಲೇ ಇಲ್ಲ. ಆ ತಾಯಿ ಕಾಫಿ ಬಿಟ್ಟು ಎರಡು ತಾಸು ಕಾದದ್ದು ಒಂದು ಖಾಲಿ ಸೀಟನ್ನು.

ಮೊಬೈಲ್ ಕಂಪನಿಯ ದಾಖಲೆಯ ಪ್ರಕಾರ, ಸೋಮವಾರ ಎಂಟಕ್ಕೆ ನಯನಾಳ ಫೋನು ಇದ್ದದ್ದು ರಾಜಾನುಕುಂಟೆಯಲ್ಲಿ. ಇವತ್ತು ಬೆಳಿಗ್ಗೆ ಇದ್ದದ್ದು ಕೊಡಿಗೇಹಳ್ಳಿಯಲ್ಲೇ, ಠಾಣೆಯ ಆಸುಪಾಸಿನಲ್ಲಿ.

ನಾಲ್ಕು ಗಂಟೆಗೆ ಹೆಬ್ಬಾಳದ ಬಳಿ ಗಿರಿಯ ಟ್ಯಾಕ್ಸಿ ತಡೆದರು. ನಯನಾಳ ಫೋನು ಸ್ಟಿಯರಿಂಗ್ ಪಕ್ಕದಲ್ಲೇ ಚಾರ್ಜಾಗುತ್ತಿತ್ತು.

"ಎಂಟಕ್ಕೇ ಯಾಕೋ ಮೆಸೇಜ್ ಕಳಿಸ್ದೆ?" ಅನಂತರಾಜು ಕೇಳಿದ.

"ಟಿಕೆಟ್ಟಲ್ಲಿ ಎಂಟು ಅಂತಿತ್ತು ಸಾರ್."

"ಅವಳೆಲ್ಲಿ?"

ಅವನು ದಾರಿ ತೋರಿಸಿದ. ರಾಜಾನುಕುಂಟೆಯಾಚೆ, ಇನ್ನೂ ಮನೆ ಏಳದ ಲೇಔಟಿನ ಪಾಳುಬಾವಿಯಿಂದ ಹೆಣ ತೆಗೆದರು. ಕತ್ತಿನಲ್ಲಿ ಅವಳದೇ ದುಪಟ್ಟಾ ಬಿಗಿದಿತ್ತು. ಏಳೂವರೆಗೆ ಪಂಚನಾಮೆ ಮುಗಿಯಿತು.

ಜೀಪಿನಲ್ಲಿ ಗಿರಿ ತಾನಾಗಿಯೇ ಮಾತು ತೆಗೆದ. "ಅಮ್ಮನ್ನ ಕಲಬುರಗಿಗೆ ಕರ್ಕೊಂಡ್ ಹೋಗ್ತೀನಿ ಅಂದ್ಲು ಸಾರ್. ಹನ್ನೊಂದ್ ವರ್ಷದಿಂದ ದಿನಾ ಏರ್‌ಪೋರ್ಟ್‌ಗೆ ಓಡಾಡ್ತೀನಿ. ಒಂದಿನಾನೂ ತಲುಪಿದ್ಯಾ ಅಂತ ಅಮ್ಮ ನನ್ನ ಕೇಳಿಲ್ಲ."

ಜಪ್ತಿಯಾದ ಫೋನಿನಲ್ಲಿ ತಾಯಿ ಮಗಳಿಗೆ ಕಳಿಸಿದ ಹದಿನಾಲ್ಕು ಧ್ವನಿಸಂದೇಶಗಳಿದ್ದವು. ತಲುಪಿದ್ಯಾ ಕಂದಾ, ಉಂಡ್ಯಾ ಕಂದಾ. ನಾಲ್ಕು ದಿನದಿಂದ ಸವಾರಿ ಸವಾರಿಯ ನಡುವೆ ಅವನ್ನೇ ಹಾಕಿಕೊಂಡು ಕೇಳುತ್ತಿದ್ದೆ ಎಂದ ಗಿರಿ.

ಮುನಿವೆಂಕಟಮ್ಮ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬೇಡಿ ಹಾಕಿದ ಕೈಯಲ್ಲೇ ಗಿರಿ ಜೀಪಿಳಿದ.

"ಬಂದೆ ಅಮ್ಮ."

ಆಕೆ ಅವನತ್ತ ತಿರುಗಲೇ ಇಲ್ಲ. ಎದ್ದು ಅನಂತರಾಜುವಿನ ಹತ್ತಿರ ಬಂದಳು.

"ನನ್ ಮಗಳು ಎಲ್ಲಿ ಇಳಿದ್ಲು ಸಾಮಿ?"