ಹಿಟ್ಟು ಆರಿರಲಿಲ್ಲ

"ಎಲ್ಲಿ ಸತ್ತಿದ್ದಿ ಇಷ್ಟೊತ್ತನಾ?"

ಬಾಗಲಕೋಟೆಯ ನವನಗರದ ಆ ಮನೆಯ ಹೊಸ್ತಿಲಲ್ಲಿ ಅತ್ತೆ ಇಂದ್ರಾಬಾಯಿ ಗುಡುಗಿದಾಗ, ಮಹೇಶ್ವರಿ ಹಿಟ್ಟಿನ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಹಾಗೇ ನಿಂತುಬಿಟ್ಟಳು. ಅತ್ತೆಯ ಸೆರಗು ಹಿಡಿದು ಐದು ವರ್ಷದ ಮಗಳು ಸೃಷ್ಟಿ ಬಿಕ್ಕುತ್ತಿದ್ದಳು, ಮೊಣಕಾಲು ತರಚಿತ್ತು. ಹನ್ನೆರಡೂವರೆಗೆ ಶಾಲೆ ಬಿಟ್ಟರೂ ತಾಯಿ ಬರಲಿಲ್ಲವೆಂದು ಮಗು ತಾನೇ ಹೊರಟು, ಟಿಪ್ಪರುಗಳು ಓಡಾಡುವ ದೊಡ್ಡ ರಸ್ತೆಯಲ್ಲಿ ಬಿದ್ದಿತ್ತು. ಆಟೋ ತಿಮ್ಮಣ್ಣ ಗುರುತು ಹಿಡಿದು ಎತ್ತಿಕೊಂಡು ಬಂದಿದ್ದಕ್ಕೆ ಉಳಿಯಿತು!

"ಈಗಿನ್ನೂ ಹನ್ನೊಂದೂವರಿ ಅಲ್ಲೇನ್ರಿ ಅತ್ತಿ? ಗಿರಣಿಯಿಂದ ಸೀದಾ ಬಂದೇನಿ."

"ಗಡಿಯಾರ ನೋಡವಾ! ಎರಡೂವರಿ!"

ಮಹೇಶ್ವರಿ ಗಡಿಯಾರ ನೋಡಿದಳು, ಎರಡೂವರೆಯೇ. ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಗಿರಣಿಯಿಂದ ಮನೆಗೆ ಐದೇ ನಿಮಿಷದ ದಾರಿ. ಓಣಿಯ ತಿರುವು ದಾಟಿದ್ದಳು, ಮನೆ ಬಂದಿತ್ತು. ನಡುವಿನ ಮೂರು ತಾಸು ಎಲ್ಲಿ ಹೋದವೋ ಶಿವನೇ ಬಲ್ಲ...

ಸುದ್ದಿ ತಿಳಿದು ಬಟ್ಟೆ ಅಂಗಡಿಯಿಂದ ಓಡಿ ಬಂದಿದ್ದ ಗಂಡ ಶಿವಪ್ರಕಾಶ ಗಿರಣಿಯ ಯೂನುಸನಿಗೆ ಫೋನು ಮಾಡಿದ. "ಹನ್ನೊಂದೂ ಕಾಲಿಗೇ ಬೀಸಿ ಕೊಟ್ಟೇನ್ರಿ," ಎಂದ ಯೂನುಸ. ಹಿಂದಿನ ಎರಡು ಸಲವೂ ಶಿವಪ್ರಕಾಶ ಹೆಂಡತಿಯ ತಲೆಯ ಸ್ಕ್ಯಾನ್ ಮಾಡಿಸಿದ್ದ, ಏನೂ ಸಿಕ್ಕಿರಲಿಲ್ಲ. ಆದರೂ ಆ ಪುಣ್ಯಾತ್ಮ ಅವಳ ಕೈ ಬಿಡಲಿಲ್ಲ.

"ಬೈಬ್ಯಾಡ ಅವ್ವಾ. ಅಕಿ ಸುಳ್ಳ ಹೇಳಾಕಿ ಅಲ್ಲ. ಹುಬ್ಬಳ್ಳಿಗೆ ತೋರಸ್ತೇನಿ."

"ನಂಬು! ಯಾವನ ಮನ್ಯಾಗ ಕುಂತು ಬಂದಾಳೋ!"

ಇಂದ್ರಾಬಾಯಿ ಡಬ್ಬಿ ಕಸಿದುಕೊಂಡು ಅಡಿಗೆಮನೆಗೆ ನಡೆದಳು. ಹಿಟ್ಟನ್ನು ಪರಾತಕ್ಕೆ ಸುರಿಯಲು ಕೈ ಹಾಕಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು. ಹಿಟ್ಟು ಈಗಷ್ಟೇ ಗಿರಣಿಯಿಂದ ಇಳಿದಂತೆ ಸುಡುತ್ತಿತ್ತು! ಮೂರು ತಾಸು ಕಳೆದ ಹಿಟ್ಟು ಹೀಗಿರುವುದಿಲ್ಲವೆಂದು ನಲವತ್ತು ವರ್ಷ ರೊಟ್ಟಿ ಬಡಿದ ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇರೆಲ್ಲೋ ಬೀಸಿಸಿದಳೆನ್ನಲು, ಊರಿಗೆಲ್ಲ ಹನ್ನೆರಡಕ್ಕೇ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಮುದುಕಿ ಸೊಸೆಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನೀ ಖರೇನ ಹೇಳಾಕತ್ತಿ, ಮಹೇಶ್ವರಿ. ಯಾರ ಜೋಡೀನರ ಹೋಗಿದ್ರ ನಾ ಹೆದರ್ತಿರಲಿಲ್ಲ, ಬೈದು ಮನ್ಯಾಗ ಇಟ್ಕೋತಿದ್ನಿ. ಇದಕ್ಕೇನ್ ಮಾಡ್ಲಿ? ಮೊದಲ ಬಸ್‌ಸ್ಟ್ಯಾಂಡಿನ್ಯಾಗ ಆತು, ಆಮ್ಯಾಲ ಬಜಾರದಾಗ, ಈಗ ನಮ್ಮ ಓಣ್ಯಾಗ. ಮನೀ ಕಡೇನ ಬರಾಕತ್ತೈತಿ! ನಾಳೆ ಕೂಸಿನ ಕೈ ಹಿಡದಾಗ ಆದ್ರ... ಅದೂ ನಿನ್ ಜೋಡಿ ಹೋಗಿ, ತಿರುಗಿ ಬರಲಿಲ್ಲಂದ್ರ?"

ಮದುವೆಯಾದಂದಿನಿಂದ ಒಂದೂ ಒಳ್ಳೆಯ ಮಾತಾಡದ ಹೆಂಗಸು ಸೊಸೆಯ ಮುಂದೆ ಕೈ ಮುಗಿದಳು. ಅದಕ್ಕಿಂತ ಬೈಗುಳವೇ ಎಷ್ಟೋ ವಾಸಿಯಾಗಿತ್ತು!

"ಹುನಗುಂದಕ್ಕ, ತವರಿಗೆ ಹೋಗ್ತೇನ್ರಿ ಅತ್ತಿ. ಆದ್ರ ಅವರು ಬಿಡಂಗಿಲ್ಲ... ಕೂಸನ್ನ ಕರಕೊಂಡು ನನ್ನ ಹಿಂದ ಬರ್ತಾರ."

ಗಂಡ ಹಿಂದೆ ಬಾರದಂತೆ ಮಾಡಲು ಒಂದೇ ದಾರಿಯಿತ್ತು. ಮಹೇಶ್ವರಿ ಕಣ್ಣೊರೆಸಿಕೊಂಡು ಪಡಸಾಲೆಗೆ ಬಂದಳು.

"ರೀ... ನಾ ಸುಳ್ಳ ಹೇಳಿದ್ನಿ. ಮೂರೂ ಸಲ ಬೇಕಂತನ ಹೋಗಿದ್ನಿ. ಯಾರ ಹತ್ರ ಅಂತ ಕೇಳಬ್ಯಾಡ್ರಿ."

ಶಿವಪ್ರಕಾಶನ ಮುಖದಲ್ಲಿ ರಕ್ತವೇ ಇರಲಿಲ್ಲ. "ಇಲ್ಲ... ಸೃಷ್ಟಿ ತಲಿ ಮುಟ್ಟಿ ಆಣಿ ಮಾಡು! ಅಂದ್ರ ನಂಬ್ತೇನಿ."

ಮಗಳು ಎದುರಿಗೇ ನಿಂತಿದ್ದಳು. ಮಹೇಶ್ವರಿಯ ಕೈ ಮೇಲೆದ್ದಿತು... ಮಗಳ ಮೇಲೆ ಸುಳ್ಳು ಆಣೆಯೇ? ಕೈ ಕೆಳಗಿಳಿಯಿತು.

"ಆ ತಲಿ ಮುಟ್ಟೋ ಯೋಗ್ಯತಾ ನನಗಿಲ್ರಿ."

ಆ ಮಾತನ್ನು ಅವನು ನಂಬಿದ. "ಅವ್ವಾ, ನೀನರ ಏನರ ಹೇಳ..." ಎಂದು ಮಗುವಿನಂತೆ ಅತ್ತ. ಇಂದ್ರಾಬಾಯಿ ಗೋಡೆಯ ಕಡೆಗೆ ತಿರುಗಿಕೊಂಡಳು.

ನಾಲ್ಕು ಗಂಟೆಗೆ ತಿಮ್ಮಣ್ಣನ ಆಟೋ ಬಾಗಿಲಿಗೆ ಬಂತು. ಯಾರೂ ತಡೆಯಲಿಲ್ಲ. "ಮಮ್ಮಿ, ನಾನೂ ಬರ್ತೇನಿ!" ಎಂದು ಸೃಷ್ಟಿ ಅಜ್ಜಿಯ ಕೈ ಬಿಡಿಸಿಕೊಂಡು ಓಡಿ ಬಂದಾಗ ಮಹೇಶ್ವರಿ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಬ್ಯಾಡ ನನ್ನವ್ವಾ... ನನ್ನ ಮುಟ್ಟಬ್ಯಾಡ. ಆಯಿ ಕೈ ಹಿಡಕೋ. ಗಟ್ಟಿಯಾಗಿ ಹಿಡಕೋ."