ನೆಲಮಾಳಿಗೆಯ ಲಾರಿ

ಎಲ್ವಿನ್ ಪ್ರೌಟ್ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಅಂಗಾತ ಬಿದ್ದಿದ್ದರು. ಒಂದು ಕಾಲಲ್ಲಿ ಚಪ್ಪಲಿಯಿತ್ತು. ಇನ್ನೊಂದು ಆ ತುದಿಯಲ್ಲಿ, ಕೆಲಸದ ಮೇಜಿನಡಿ. ಬೆಳಿಗ್ಗೆ ಬೆಣ್ಣೆ ಟಾರ್ಟ್ ಎಂಬ ಸಿಹಿತಿಂಡಿಯ ತಟ್ಟೆ ಹಿಡಿದು ಇಳಿದ ಮಗಳು ಮಾರ್ನಿ "ಅಪ್ಪಾ... ಅಪ್ಪಾ" ಎಂದಳು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಅವರ ಪಕ್ಕ ಕೂತಳು.

ಮೇಜಿನ ಮೇಲೆ ಲಾರಿ ಮಾತ್ರ ಏನೂ ಆಗದ ಹಾಗೆ ನಿಂತಿತ್ತು. ಎರಡನೇ ಮಹಾಯುದ್ಧದ ಕಾಲದ ಕೆನಡಾ ಸೈನ್ಯದ ಲಾರಿಯ ಮಾಡೆಲ್, ಅಂಗೈ ಮೇಲೆ ಕೂರುವಷ್ಟು. ಅಂಗಡಿಯ ಡಬ್ಬಿಯಲ್ಲಿ ಸಿಗುವಂಥದ್ದಲ್ಲ. ಪ್ಲಾಸ್ಟಿಕ್ ಹಾಳೆ ಕೊಯ್ದು, ಕಡ್ಡಿ ಉಜ್ಜಿ, ಒಂದೊಂದು ತಿರುಪನ್ನೂ ಎಲ್ವಿನ್ ಕೈಯಾರೆ ಮಾಡಿದ್ದರು. ಮೂರು ಚಳಿಗಾಲ ಅದಕ್ಕೇ ಹೋಗಿತ್ತು. ಗಾಲಿ ಕೂರಿಸಿದ್ದು ಹಿಂದಿನ ದಿನವಷ್ಟೇ.

ಮೆಟ್ಟಿಲಿಂದ ಜಾರಿ ಬಿದ್ದದ್ದಲ್ಲ ಎಂದುಬಿಟ್ಟರು ಡಾಕ್ಟರು. ತಲೆ ಬಡಿದದ್ದು ಮೇಜಿಗೆ ಬಿಗಿದಿದ್ದ ವೈಸಿಗೆ, ಸಾಮಾನು ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳಕ್ಕೆ. ಯಾರೋ ತಳ್ಳಿ, ಆಮೇಲೆ ಮೆಟ್ಟಿಲವರೆಗೆ ಎಳೆದು ತಂದಿದ್ದಾರೆ. ಪೆಟ್ಟು ಬಿದ್ದ ಮೇಲೂ ತುಂಬ ಹೊತ್ತು ಜೀವವಿತ್ತು. ಈ ಕೊನೆಯ ಮಾತನ್ನು ಮಾರ್ನಿ ಡಾಕ್ಟರಿಂದ ಎರಡು ಸಲ ಹೇಳಿಸಿದಳು.

ತನಿಖೆಗೆ ಬಂದವಳು ಸಾರ್ಜೆಂಟ್ ಡೋರೀನ್ ಓಸಿಕಾ. ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬರುವ ಹೆಂಗಸು.

"ಮೊನ್ನೆ ಮಧ್ಯಾಹ್ನ ಇಲ್ಲಿ ಜಗಳ ಆಯ್ತಂತೆ?"

"ಲೈಲ್ ಹೇಳಿದ್ನಾ?" ಪಕ್ಕದ ಮನೆಯ ಲೈಲ್ ಬೋಕ್‌ಮನ್‌ನ ಕಿವಿ ಇಡೀ ಬೀದಿಗೆ ಗೊತ್ತಿದ್ದದ್ದೇ.

"'ಈ ಲಾರೀನೇ ನಿನ್ನ ಸಾಯಿಸುತ್ತೆ' ಅಂದ್ರಂತೆ ನೀವು."

ಮಾರ್ನಿ ಕಣ್ಣು ತಪ್ಪಿಸಲಿಲ್ಲ. ಅಂದದ್ದು ನಿಜ. "ಅಂಟಿನ ಘಾಟು ಕುಡಿದು ಕೆಮ್ಮಿ ಕೆಮ್ಮಿ ಸಾಯ್ತಿದ್ದ. ಕಿಟಕಿ ತೆಗಿ ಅಂದ್ರೆ ತೆಗೀಲಿಲ್ಲ. ರೇಗಿ ಅಂದೆ. ಅಪ್ಪನ್ನ ಬೈದ ಮಕ್ಕಳೆಲ್ಲ ಕೊಲೆಗಾರರೇನು?"

"ಆಮೇಲೆ ಯಾರೂ ಬಂದದ್ದನ್ನ ಲೈಲ್ ನೋಡಿಲ್ಲ. ಹೆಜ್ಜೆ ಗುರುತಿತ್ತೋ ಇಲ್ವೋ, ಹಿಮ ಮುಚ್ಚಿಬಿಟ್ಟಿದೆ. ಸದ್ಯಕ್ಕೆ ನನ್ನ ಕೈಲಿರೋದು ನೀವೊಬ್ಬರೇ, ಮಾರ್ನಿ."

"ಶನಿವಾರ ಕ್ಲಬ್ಬಲ್ಲಿ ಒಬ್ಬನ ಬಂಡವಾಳ ಬಯಲು ಮಾಡ್ತೀನಿ ಅಂತಿದ್ದ ಅಪ್ಪ. ಯಾರದ್ದು ಅಂತ ಹೇಳಲಿಲ್ಲ."

ಮಾಡೆಲ್ ಕ್ಲಬ್ಬಿನ ಅಧ್ಯಕ್ಷ ಗಾರ್ನೆಟ್ ಫಿಸ್ಕ್. ಮಾರ್ನಿ ಚಿಕ್ಕಂದಿನಿಂದ ಅಂಕಲ್ ಎಂದೇ ಕರೆದವನು. ಒಂದು ತಿಂಗಳಿಂದ ಈ ಮನೆಯ ಮೆಟ್ಟಿಲೇ ಹತ್ತಿಲ್ಲ ಎಂದು ಅವನು ಹೇಳಿಕೆ ಕೊಟ್ಟಾಗಿತ್ತು. ಸಾವಿನ ಮನೆಗೆ ಊಟ ಹೊತ್ತು ತಂದು, ಮಾರ್ನಿಯ ಭುಜ ತಟ್ಟಿ ಕಣ್ಣೊರೆಸಿಕೊಂಡೂ ಹೋಗಿದ್ದ.

ಓಸಿಕಾ ದೀಪವನ್ನು ಲಾರಿಯತ್ತ ತಿರುಗಿಸಿದಳು. "ನೀವು ನೋಡಿದಾಗ ಹೇಗಿತ್ತೋ ಹಾಗೇ ಇದೆಯಾ? ನಿಧಾನಕ್ಕೆ ನೋಡಿ."

ಮಾರ್ನಿ ಬಗ್ಗಿದಳು. ಬಾಗಿಲು, ಕೊಕ್ಕೆ, ಹಗ್ಗ, ಎಲ್ಲ ಸರಿ. ಹಿಂದಿನ ಎಡಗಾಲಿಯ ಹತ್ತಿರ ಅವಳ ಕಣ್ಣು ನಿಂತಿತು. ಟೈರಿನ ಹಲ್ಲುಗಳೆಲ್ಲ ಬಾಣದ ಮೊನೆಯ ಹಾಗೆ ಒಂದೇ ದಿಕ್ಕಿಗಿದ್ದವು, ನಾಲ್ಕೂ ಗಾಲಿಯಲ್ಲಿ.

"ಅಯ್ಯೋ, ಇದು ಉಲ್ಟಾ ಇರಬೇಕಿತ್ತು!"

"ಯಾಕೆ?"

"ಇದು ಅಪ್ಪ ಇಟಲೀಲಿ ಓಡಿಸಿದ ಲಾರಿ. ಗುಂಡು ಹಾರ್ತಿದ್ದಾಗ ಈ ಟೈರ್ ಹಾಕಿದ್ದು ಅವನ ತಮ್ಮ ಕ್ಯಾಲ್. ಗಡಿಬಿಡೀಲಿ ತಿರುಗುಮುರುಗು ಹಾಕ್ದ. ಎದ್ದು ನಿಲ್ಲೋದರೊಳಗೆ ಗುಂಡು ತಗುಲಿ ಹೋಗ್ಬಿಟ್ಟ. ಆ ಗಾಲಿ ಮೇಲೇ ಅಪ್ಪ ಜೀವಂತ ವಾಪಸ್ ಬಂದದ್ದು. ಮೊನ್ನೆ ನನ್ನ ಕಣ್ಣೆದುರೇ ಉಲ್ಟಾ ಕೂರಿಸಿ, ಅತ್ತ." ಅವಳು ಗಾಲಿಯತ್ತ ಬೆರಳು ಮಾಡಿದಳು. "ನನ್ನ ಬಿಟ್ಟು ಯಾರಿಗೂ ಇದನ್ನ ಹೇಳಿರಲಿಲ್ಲ."

ಓಸಿಕಾ ಸಣ್ಣ ಅಲಗಿನಿಂದ ಗಾಲಿಯನ್ನು ಮೆಲ್ಲಗೆ ಬಿಡಿಸಿದಳು. ಒಳಗಿದ್ದದ್ದನ್ನು ನೋಡಿ ಹುಬ್ಬೇರಿಸಿದಳು.

ಮರುದಿನ ಲೈಲ್‌ನನ್ನೂ ಗಾರ್ನೆಟ್‌ನನ್ನೂ, ಇಬ್ಬರೂ ಕ್ಲಬ್ಬಿನವರೇ, ಅದೇ ನೆಲಮಾಳಿಗೆಗೆ ಕರೆಸಿದಳು. ಕ್ಲಬ್ಬಿನ ಗಾಜಿನ ಕಪಾಟಿನಿಂದ ಗಾರ್ನೆಟ್‌ನ ಬಹುಮಾನದ ಲಾರಿಯನ್ನು ತರಿಸಿ, ಎಲ್ವಿನ್ನರ ಲಾರಿಯ ಪಕ್ಕ ಇಟ್ಟಿದ್ದಳು. ಮಾರ್ನಿ ಕೈಕಟ್ಟಿ ಗೋಡೆಗೆ ಒರಗಿದ್ದಳು. ಇವತ್ತು ಇಲ್ಲಿಂದ ಯಾರೋ ಒಬ್ಬರು ಪೊಲೀಸ್ ಕಾರಿಗೆ ಹತ್ತುತ್ತಾರೆ. ತಾನೇ ಆಗಿರಬಹುದು.

"ತಳ್ಳಾಟದಲ್ಲಿ ಈ ಲಾರಿ ಕೆಳಗೆ ಬಿತ್ತು," ಓಸಿಕಾ ಶುರುಮಾಡಿದಳು. "ಗಾಲಿ ಮುರೀತು, ಟೈರು ಕಳಚಿತು. ಬೇರೆ ಯಾರೇ ಆಗಿದ್ರೂ ಅಲ್ಲೇ ಬಿಟ್ಟು ಓಡ್ತಿದ್ರು. ಇವನು ಕೂತು ರಿಪೇರಿ ಮಾಡಿದ. ಮುರಿದ ಮಾಡೆಲ್ ಕಂಡ್ರೆ ಕೈ ಸುಮ್ಮನಿರದ ಜಾತಿ ನಿಮ್ಮದು. ಮಾಡಿದ್ದಲ್ಲದೆ, ಎಲ್ವಿನ್ ತಪ್ಪು ಮಾಡಿದ್ದಾರೆ ಅಂದುಕೊಂಡು ಟೈರನ್ನ ಪುಸ್ತಕದಲ್ಲಿರೋ ಹಾಗೆ ಸರಿ ಮಾಡಿಟ್ಟ. ಮಾರ್ನಿ ಆಗಿದ್ರೆ ಉಲ್ಟಾನೇ ಹಾಕ್ತಿದ್ದಳು."

"ಹಾಗಾದ್ರೆ ನಾನಾ?" ಲೈಲ್ ಬೆವರಿದ.

"ನೀವು ಅಂಟಿಸಿದ ವಿಮಾನಗಳನ್ನ ನೋಡಿದೆ ಲೈಲ್. ಅಂಟು ಮೂಗಿನ ಸಿಂಬಳದ ಥರ ಇಳಿದಿದೆ."

"ಅದು ನಿಜ," ಎಂದ ಲೈಲ್. ಅವಮಾನದಿಂದ ಯಾರಿಗೂ ಅಷ್ಟು ಸಮಾಧಾನ ಆಗಿರಲಿಕ್ಕಿಲ್ಲ.

ಓಸಿಕಾ ಬಿಡಿಸಿದ ಗಾಲಿಯನ್ನು ದೀಪಕ್ಕೆ ಹಿಡಿದಳು. ಒಳಗೆ ಕೂದಲೆಳೆಯಂಥ ಹಿತ್ತಾಳೆ ತಂತಿ ಮಿನುಗಿತು. "ಉಳಿದ ಮೂರೂ ಬರೀ ಅಂಟಿನ ಮೇಲೆ ನಿಂತಿವೆ. ಇದೊಂದಕ್ಕೆ ತೂತು ಕೊರೆದು ತಂತಿ ಪೋಣಿಸಿದ್ದಾರೆ. ನಿಮ್ಮ ಲಾರೀಲಿ ಎಲ್ಲ ಗಾಲಿಗೂ ಹೀಗೇ ಇದೆ, ಗಾರ್ನೆಟ್. ಇನ್ನೊಂದು ಮಾತು. ನಿಮ್ಮ ಬಾಗಿಲು, ನಿಮ್ಮ ದೀಪ, ಎಲ್ಲ ಎಲ್ವಿನ್ ಮಾಡಿದವುಗಳ ಎರಕದ ನಕಲು. ಅವರ ಅಲಗು ಜಾರಿದ ಗೀರು ಕೂಡ ಬಂದಿದೆ. ಕದ್ದು ಅಚ್ಚು ತೆಗೆದು, ಕೈಯಾರೆ ಮಾಡಿದ್ದು ಅಂತ ಬಹುಮಾನ ತಗೊಂಡ್ರಿ. ಶನಿವಾರ ಬಯಲಾಗಬೇಕಿದ್ದದ್ದು ಅದೇ."

ಗಾರ್ನೆಟ್ ಸ್ಟೂಲಿನ ಮೇಲೆ ಕುಸಿದ. "ಯಾರಿಗೂ ಹೇಳಬೇಡ ಅಂತ ಕಾಲು ಹಿಡಿಯೋದೊಂದು ಬಾಕಿ ಇತ್ತು. ಕೇಳಲಿಲ್ಲ. ತಳ್ಳಿದೆ, ಅಷ್ಟೇ. ಕೊಲ್ಲಬೇಕು ಅಂತಿರಲಿಲ್ಲ, ಮಾರ್ನಿ."

ಮಾರ್ನಿ ಗೋಡೆ ಬಿಟ್ಟು ಮುಂದೆ ಬಂದಳು. "ನೀನು ಇಲ್ಲಿ ಕೂತು ತೂತು ಕೊರೀತಿದ್ದಾಗ ಅಪ್ಪ ಉಸಿರಾಡ್ತಿದ್ನಾ?"

ಗಾರ್ನೆಟ್ ಎದುರಿಗಿದ್ದ ತನ್ನ ಲಾರಿಯನ್ನು ನೇರ ಮಾಡಿಟ್ಟ.

"ಕೇಳಿದ್ದಕ್ಕೆ ಹೇಳು ಅಂಕಲ್!"

"ಉಸಿರಾಡ್ತಿದ್ದ." ಗಾರ್ನೆಟ್‌ನ ಬೆರಳುಗಳು ಗಾಳಿಯಲ್ಲೇ ಏನನ್ನೋ ಒತ್ತಿ ಹಿಡಿದಿದ್ದವು. "ಅಂಟು ಹಿಡಿಯೋವರೆಗೂ ಗಾಲಿ ಬಿಡೋ ಹಾಗಿರಲಿಲ್ಲ."

"ಫೋನು ಮೇಲೆ ಅಡುಗೆಮನೇಲೇ ಇತ್ತಲ್ಲೋ!" ಎಂದು ಮಾರ್ನಿ ಕಿರುಚಿದಳು.