ಆರು ಗಂಟೆಯ ಚಾನೆಲ್

“ಬಂತೇನು?” ಮಾಳಿಗೆಯ ಮೇಲಿಂದ ಅಪ್ಪನ ದನಿ ಕೇಳಿತು.

“ಇಲ್ರಿ ಅಪ್ಪಾ,” ಎಂದು ಋತುಜಾ ಕಿಟಕಿಯಿಂದ ಕೂಗಿ ಹೇಳಿದಳು.

ಟಿವಿಯಲ್ಲಿ ಬರೀ ನೀಲಿ ಪರದೆ. ನಡುವೆ, ಸಿಗ್ನಲ್ ಇಲ್ಲ ಎಂಬ ಒಂದು ಸಾಲು. ಹಿಂದಿನ ದಿನ ಬೀಸಿದ ಗಾಳಿಗೆ ಮಾಳಿಗೆಯ ಡಿಶ್ ಅಲುಗಿರಬೇಕು. ಬೆಳಿಗ್ಗೆಯಿಂದ ಕೆಲವು ಚಾನೆಲ್ ಬರುತ್ತಿದ್ದವು, ಕೆಲವು ಮಾಯವಾಗಿದ್ದವು. ಮಾಯವಾದ ಒಂದು ಚಾನೆಲ್‌ನಲ್ಲೇ ಇಂದು ಸಂಜೆ ಆರಕ್ಕೆ ಋತುಜಾಳ ಶಾಲೆಯ ಮಕ್ಕಳ ಹಾಡು ಇತ್ತು.

ಅಪ್ಪ ತ್ರ್ಯಂಬಕ ಅದಕ್ಕಾಗಿಯೇ ಆಫೀಸಿನಿಂದ ಬೇಗ ಬಂದಿದ್ದರು. ಸೆಟ್‌ಟಾಪ್ ಬಾಕ್ಸ್ ಆಫ್ ಮಾಡಿ ಆನ್ ಮಾಡಿದರು. ಹಿಂದಿನ ಕೇಬಲ್ ಬಿಚ್ಚಿ, ಒರೆಸಿ, ಮತ್ತೆ ಬಿಗಿದರು. ಮೊಬೈಲಿನಲ್ಲಿ ಆ ಚಾನೆಲ್ ಸಿಗಲಿಲ್ಲ. ಡಿಶ್ ಕಂಪನಿಗೆ ಫೋನ್ ಮಾಡಿದರೆ, ನಾಳೆ ಮಧ್ಯಾಹ್ನ ಯಾರನ್ನಾದರೂ ಕಳಿಸುತ್ತೇವೆ ಎಂದರು. ಕೊನೆಗೆ ಅಪ್ಪ ಬೋಲ್ಟ್ ತಿರುಗಿಸುವ ಪಾನಾ ಹಿಡಿದುಕೊಂಡು ತಾವೇ ಮಾಳಿಗೆ ಹತ್ತಿದರು.

ಚಿತ್ರ ಬಂದ ಕೂಡಲೇ ಕೂಗಿ ಹೇಳುವುದು ಋತುಜಾಳ ಕೆಲಸ. ಅವಳ ಪಕ್ಕದಲ್ಲಿ ಅಜ್ಜಿ ಕನ್ನಡಕ ಒರೆಸಿಕೊಂಡು ಸಿದ್ಧವಾಗಿ ಕೂತಿದ್ದರು. ಪಕ್ಕದ ಮನೆಯ ಶಮೀಮ ಆಂಟಿಗೂ ಬರಹೇಳಿದ್ದರು.

ಆದರೆ ಆ ಚಾನೆಲ್ ಬಾರದಿರಲಿ ಎಂದು ಋತುಜಾ ಬೇಡಿಕೊಳ್ಳುತ್ತಿದ್ದಳು.

ಅವಳೂ ಸೇರಿ ಶಾಲೆಯ ಮಕ್ಕಳು ಹಾಡಿದ್ದು ಮೋಡಗಳ ಹಾಡು. ಎರಡನೇ ಸಾಲು ಮುಗಿದ ಮೇಲೆ ಎಲ್ಲರೂ ಸುಮ್ಮನಿರಬೇಕು, ತಬಲಾ ಮಾತ್ರ ನುಡಿಯಬೇಕು. ರೆಕಾರ್ಡಿಂಗ್ ದಿನ ಅವಳೊಬ್ಬಳೇ ಮರೆತು ಮುಂದಿನ ಸಾಲು ಎತ್ತಿಬಿಟ್ಟಿದ್ದಳು. ಎಲ್ಲರೂ ತಿರುಗಿ ನೋಡಿದ್ದರು. ಇನ್ನೊಮ್ಮೆ ಹಾಡಿಸಲು ಟೈಮ್ ಇಲ್ಲ ಎಂದು ಟಿವಿಯವರು ಹಾಗೇ ಬಿಟ್ಟಿದ್ದರು. ಮನೆಯಲ್ಲಿ ಅವಳು ಇದನ್ನು ಹೇಳಿರಲಿಲ್ಲ.

ಪರದೆ ಮಿಣುಕಿತು. ಚೌಕ ಚೌಕವಾಗಿ ಒಡೆದಿದ್ದ ಚಿತ್ರ ಕೂಡಿಕೊಂಡಿತು. ಸೋಪಿನ ಜಾಹೀರಾತು ಸ್ವಚ್ಛವಾಗಿ ಕಂಡಿತು.

“ಈಗ ಬಂತೇನು, ಋತು?”

ಅವಳು ಕಿಟಕಿಯತ್ತ ಮುಖ ಮಾಡಿದಳು.

“ಇಲ್ರಿ.”

ಅಜ್ಜಿ ಅವಳತ್ತ ತಿರುಗಿ ನೋಡಿದರು. ಮೇಲೆ ಡಿಶ್ ಕಿರ್ ಎಂದಿತು. ಚಿತ್ರ ಮತ್ತೆ ಹೋಯಿತು.

ಟಿವಿ ಮುಂದೆ ಕೂರಲು ಋತುಜಾಳಿಗೆ ಆಗಲಿಲ್ಲ. ಅಂಗಳಕ್ಕೆ ಹೋಗಿ ಮೇಲೆ ನೋಡಿದಳು. ಅಪ್ಪ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಮೊಣಕಾಲೂರಿ, ಡಿಶ್ಶನ್ನು ತಬ್ಬಿ ಹಿಡಿದಿದ್ದರು. ಆಫೀಸಿನ ಬಿಳಿ ಅಂಗಿಗೆ ತುಕ್ಕು ಮೆತ್ತಿತ್ತು. ಒಂದಿಷ್ಟೇ ತಿರುಗಿಸುವರು, ಕೈ ಅಲುಗಿಸದೆ ನಿಲ್ಲುವರು, ಕೆಳಗಿನ ಉತ್ತರಕ್ಕೆ ಕಿವಿಗೊಡುವರು. ಇಲ್ಲ ಎಂದು ಅವಳು ಹೇಳಿದ್ದಕ್ಕೇ ಅವರು ಸರಿಯಾದ ಜಾಗ ಬಿಟ್ಟು ಎಲ್ಲೆಲ್ಲೋ ಹುಡುಕುತ್ತಿದ್ದರು.

“ಅಪ್ಪಾ,” ಎಂದಳು. “ಆಗ ಬಂದಿತ್ರಿ. ನಾನ ಇಲ್ಲಾ ಅಂದೆ. ಹಿಂದಕ್ಕ ತಿರುಗಸ್ರಿ.”

ಅಪ್ಪ ಕೆಳಗೆ ಬಗ್ಗಿ ಅವಳ ಮುಖ ನೋಡಿದರು.

“ಆತು. ಒಳಗ ಹೋಗಿ ನೋಡಿ ಹೇಳು,” ಎಂದರಷ್ಟೆ.

ಈ ಸಲ ಚಿತ್ರ ಬಂದೊಡನೆ ಅವಳು ಜೋರಾಗಿ ಕೂಗಿದಳು. ಅಪ್ಪ ಸದ್ಯಕ್ಕೆ ಒಂದು ಬೋಲ್ಟ್ ಬಿಗಿದು ಇಳಿದು ಬಂದರು. ಶಮೀಮ ಆಂಟಿ ಬಂದು ಕೂರುವಷ್ಟರಲ್ಲಿ ಹಾಡು ಶುರುವಾಯಿತು. ಹಿಂದಿನ ಸಾಲಿನಲ್ಲಿದ್ದ ಋತುಜಾಳ ಹಣೆ ಮಾತ್ರ ಕಾಣುತ್ತಿತ್ತು. ಅವಳು ಅಜ್ಜಿಯ ಕುರ್ಚಿಯ ಹಿಂದೆ ಸರಿದು ನಿಂತಳು.

ಎರಡನೇ ಸಾಲು ಮುಗಿಯಿತು. ಪರದೆಯ ಮೇಲಿನ ಮಕ್ಕಳೆಲ್ಲ ಸುಮ್ಮನಾದರು. ಒಂದೇ ಒಂದು ಸಣ್ಣ ದನಿ, “ಮೋಡಾ…” ಎಂದು ಎದ್ದು, ಅಲ್ಲೇ ನಿಂತುಹೋಯಿತು.

ಶಮೀಮ ಆಂಟಿಗೆ ನಗು ಬಂತು. ಅಜ್ಜಿ ಮುಂದಕ್ಕೆ ಬಾಗಿದರು.

“ಇದು ನಮ್ಮ ಋತು ದನಿ ಅಲ್ಲೇನು?”

“ಅಕೀದ,” ಎಂದ ಅಪ್ಪ ಋತುಜಾಳತ್ತ ತಿರುಗಿದರು. “ಇಷ್ಟು ಹುಡುಗರೊಳಗ ನಿನ್ನ ದನಿ ಹೆಂಗ ಗುರುತು ಹಿಡೀಬೇಕಂತ ಚಿಂತಿ ಮಾಡಿದ್ದೆ.”

“ಅದು ತಪ್ಪರಿ, ಅಪ್ಪಾ. ಅಲ್ಲೆ ಹಾಡಬಾರದಿತ್ತು.”

“ಹೌದೇನು?” ಎಂದ ಅಪ್ಪ ಮತ್ತೆ ಹಾಡಿಗೆ ಕಿವಿಗೊಟ್ಟರು.

ಹಾಡು ಮುಗಿದ ಮೇಲೆ ಉಳಿದ ಬೋಲ್ಟ್ ಬಿಗಿಯಲು ಅಪ್ಪ, ಮಗಳು ಇಬ್ಬರೂ ಮಾಳಿಗೆ ಹತ್ತಿದರು. ಬಿಸಿಲು ಇಳಿದಿತ್ತು. ಅವರ ಕೇಶ್ವಾಪುರ ಬಡಾವಣೆಯ ಮಾಳಿಗೆಗಳ ಮೇಲೆಲ್ಲ ಡಿಶ್‌ಗಳು ಒಂದೇ ಕಡೆ ಮುಖ ಮಾಡಿ ನಿಂತಿದ್ದವು.

ಪಾನಾ ತಿರುಗಿಸುತ್ತ ಅಪ್ಪ ಮೋಡಗಳ ಹಾಡನ್ನು ಗುನುಗತೊಡಗಿದರು. ಎರಡನೇ ಸಾಲು ಮುಗಿಸಿ, ತಬಲಾಕ್ಕೆ ಜಾಗ ಬಿಡದೆ, ಅವಳು ಎತ್ತಿದಲ್ಲೇ ಮುಂದಿನ ಸಾಲು ಎತ್ತಿದರು.

ತಿದ್ದಲು ಬಾಯಿ ತೆರೆದ ಋತುಜಾ ಸುಮ್ಮನಾದಳು. ಅಲುಗದಂತೆ ಡಿಶ್ಶನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅಪ್ಪ ಹಾಡಿ ಮುಗಿಸುವ ತನಕ ಕೇಳುತ್ತ ನಿಂತಳು.